ಮರದ ಬಾತಿನ ಶಿಲ್ಪಿ

ಹಳಗನ್ನಡ ಕಾವ್ಯಗಳ ಬೇಟೆಯ ವರ್ಣನೆಗಳಲ್ಲಿ ದೀವವೆಂಬ ಶಬ್ದ ಬರುತ್ತದೆ. ತನ್ನ ಜಾತಿಯವನ್ನೇ ಬೇಡನೆಡೆಗೆ ಸೆಳೆದು ತರಲು ಪಳಗಿಸಿದ ಪ್ರಾಣಿ ಅದು. ಅಮೆರಿಕದ ಎಲ್ಮರ್ ಕ್ರೋವೆಲ್ಲನ ಬಾಳನ್ನು ಹೇಳಹೊರಟಾಗ ಇದಕ್ಕಿಂತ ಒಪ್ಪುವ ಮಾತು ನನಗೆ ತೋರದು. ಆತ ಮರದಲ್ಲಿ ದೀವಗಳನ್ನು ಕೆತ್ತಿದವನು.

ಮಾಸಚೂಸೆಟ್ಸ್ ಪ್ರಾಂತದ ಕಡಲಂಚಿನ ಈಸ್ಟ್ ಹಾರ್ವಿಚ್ ಗ್ರಾಮದಲ್ಲಿ 1862ರಲ್ಲಿ ಆತನ ಜನನ. ಹುಡುಗತನದಲ್ಲೇ ಕೋವಿ ಕೈಗೆ ಬಂದಿತು. ಹೊಡೆದ ಹಕ್ಕಿಗಳನ್ನು ಪೇಟೆಗೆ ಮಾರುವುದು ಆಗ ಅಲ್ಲಿ ಯಾರೂ ತಪ್ಪೆಣಿಸದ ಕಸುಬು. ಇವನೂ ಅದನ್ನು ಮಾಡಿದನು. 1900ರ ಸುಮಾರಿಗೆ ವೆನ್‌ಹ್ಯಾಮ್ ಸರೋವರದ ದಂಡೆಯಲ್ಲಿ ಜಾನ್ ಫಿಲಿಪ್ಸ್ ಎಂಬ ಪಕ್ಷಿಶಾಸ್ತ್ರಜ್ಞನ ಬೇಟೆಯ ಬಿಡಾರವನ್ನು ನೋಡಿಕೊಳ್ಳತೊಡಗಿದನು. ಬಾತುಗಳ ಕುರಿತು ಮುಂದೆ ನಾಲ್ಕು ಸಂಪುಟಗಳ ಗ್ರಂಥ ಬರೆದವನು ಈ ಫಿಲಿಪ್ಸನೇ. ಆ ದಿನಗಳಲ್ಲಿ ಪಳಗಿದ ಜೀವಂತ ಬಾತುಗಳನ್ನೂ ನೀರಿನಲ್ಲಿ ಕಟ್ಟಿಡುತ್ತಿದ್ದರು. ಅವು ಕೂಗಿದರೆ ಮೇಲೆ ಹಾರುವ ಹಿಂಡು ಇಳಿದು ಬರುತ್ತಿತ್ತು. ಅವುಗಳ ಕತ್ತಿನ ತಿರುವು, ಎದೆಯ ಬಾಗು ಕ್ರೋವೆಲ್ಲನ ಕಣ್ಣಿನಲ್ಲಿ ನೆಲೆಸಿದ್ದು ಈ ಸಾಕಣೆಯಿಂದಲೇ ಎಂದು ನನ್ನ ಊಹೆ.

ಮರದ ದೀವಕ್ಕೆ ಹಗುರವಾದ ಬಿಳಿ ದೇವದಾರಿನ ಒಡಲು, ಪೈನ್ ಮರದ ತಲೆ. ನೆಟ್ಟಗೆ ತೇಲಲು ಅಡಿಯಲ್ಲಿ ಸೀಸದ ತೂಕ. ಗಾಳಿಗೆ ಕೊಚ್ಚಿಹೋಗದಂತೆ ದಾರಕ್ಕೆ ಕಟ್ಟಿದ ಭಾರ. ಬಾತುಗಳು ಗಾಳಿಗೆದುರಾಗಿ ಇಳಿಯುವುದರಿಂದ, ಅವು ಬಂದಿಳಿಯಲು ದೀವಗಳ ನಡುವೆ ತೆರಪು ಬಿಡಬೇಕು. ಇಷ್ಟನ್ನು ಅಂದಿನ ಬೇಟೆಗಾರರೆಲ್ಲ ಬಲ್ಲರು. ಕ್ರೋವೆಲ್ಲನು ಎದೆ, ಹಿಂದಲೆಗಳ ಮೇಲೆ ಅರವನ್ನಾಡಿಸಿ ಗರಿಗಳ ಒರಟು ತರುತ್ತಿದ್ದನು; ಹಸಿಬಣ್ಣದೊಳಗೇ ಇನ್ನೊಂದು ಬಣ್ಣವನ್ನು ಬೆರೆಸಿ ಒಂದರ ಅಂಚು ಮತ್ತೊಂದರಲ್ಲಿ ಕರಗುವಂತೆ ಮಾಡುತ್ತಿದ್ದನು. ಚಳಿಗಾಲದಲ್ಲಿ ನಮ್ಮ ಕೆರೆಗಳಿಗೂ ಬರುವ ಸೂಜಿಬಾಲದ ಬಾತೊಂದನ್ನು ಅವನು ಕತ್ತು ಹಿಂತಿರುಗಿಸಿ ಗರಿ ತೀಡಿಕೊಳ್ಳುವ ಭಂಗಿಯಲ್ಲಿ ಕೆತ್ತಿದನು. ನಿಶ್ಚಿಂತೆಯಿಂದ ಗರಿ ತೀಡುವ ಹಕ್ಕಿಯನ್ನು ಕಂಡು ಮೇಲಿನವು ನಂಬಿ ಇಳಿಯುತ್ತವೆ. ಆ ನಿಶ್ಚಿಂತೆಯೇ ಅವುಗಳ ಸಾವಿಗೆ ಕರೆಯೋಲೆ. ಇಷ್ಟೊಂದು ಪ್ರೀತಿಯಿಂದ ನೋಡಿದ ಕಣ್ಣು ಇಂಥ ಕೆಲಸಕ್ಕೆ ದುಡಿಯಿತಲ್ಲ ಎಂಬ ಕಸಿವಿಸಿ ನನ್ನನ್ನು ಬಿಟ್ಟಿಲ್ಲ.

1918ರ ಶಾಸನವು ವಲಸೆಹಕ್ಕಿಗಳ ಮಾರಾಟವನ್ನು ತಡೆಯಿತು. 1935ರಲ್ಲಿ ಜೀವಂತ ದೀವಗಳಿಗೂ ನಿಷೇಧ ಬಂದಿತು. ಅಷ್ಟರಲ್ಲಿ ಕ್ರೋವೆಲ್ಲನ ಕೆಲಸ ಬೇರೆ ದಾರಿ ಹಿಡಿದಿತ್ತು. ಮಗ ಕ್ಲಿಯಾನ್ ಜೊತೆಗೂಡಿದ್ದನು. ಜನ ಅಂಗೈಯಗಲದ ಹಕ್ಕಿಗಳನ್ನು ಮನೆಯ ಅಲಂಕಾರಕ್ಕೆಂದು ಕೊಳ್ಳತೊಡಗಿದ್ದರು. ಅವುಗಳಲ್ಲಿ ಬಾತುಗಳಿದ್ದವು, ಹಾಡುಹಕ್ಕಿಗಳೂ ಇದ್ದವು. ಅವುಗಳಿಂದ ಯಾವ ಹಕ್ಕಿಗೂ ಕೇಡಿರಲಿಲ್ಲ. ಕೊನೆಗೆ ಸಂಧಿವಾತ ಕೈಗಳನ್ನು ಹಿಡಿದು ಕೆಲಸ ನಿಲ್ಲಿಸಿತು. 1952ರಲ್ಲಿ ಆತ ತೀರಿಕೊಂಡನು.

2007ರಲ್ಲಿ ಅವನ ಎರಡು ದೀವಗಳು ತಲಾ 11 ಲಕ್ಷ ಡಾಲರಿಗೂ ಮೀರಿದ ಬೆಲೆಗೆ ಹೋದವು: ಒಂದು ಹೆಬ್ಬಾತು, ಇನ್ನೊಂದು ಆ ಗರಿ ತೀಡುವ ಸೂಜಿಬಾಲ.