ಪ್ಲೇಗಿನ ಲಸಿಕೆಯ ಹಾಫ್‌ಕಿನ್

ಇಂದಿನ ಮಕ್ಕಳು ಪ್ಲೇಗಿನ ಹೆಸರನ್ನು ಪುಸ್ತಕದಲ್ಲಿ ಮಾತ್ರ ಓದಿರುತ್ತಾರೆ. ಆದರೆ ಇಲಿ ಸತ್ತು ಬಿದ್ದರೆ ಸಾಕು, ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟಿಕೊಂಡಿರುತ್ತಿದ್ದ ಕಾಲದ ಕಥೆಗಳು ನಮ್ಮ ಭಾಗದ ಹಳೆಯ ಮನೆಗಳಲ್ಲಿ ಇನ್ನೂ ಉಳಿದಿವೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ಬೇನೆ ಒಂದೆರಡು ವರ್ಷಗಳಲ್ಲಿ ಹುಬ್ಬಳ್ಳಿ, ಬೆಂಗಳೂರುಗಳವರೆಗೂ ಹಬ್ಬಿತು. ಅದಕ್ಕೆ ಲಸಿಕೆ ತಯಾರಿಸಿ, ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡ ಮಹನೀಯರು ವಾಲ್ಡೆಮಾರ್ ಹಾಫ್‌ಕಿನ್.

ಅವರು 1860ರಲ್ಲಿ ಆಗಿನ ರಷ್ಯಾ ಸಾಮ್ರಾಜ್ಯದ ಒಡೆಸ್ಸಾ ಪಟ್ಟಣದಲ್ಲಿ ಒಂದು ಯಹೂದಿ ಕುಟುಂಬದಲ್ಲಿ ಜನಿಸಿದರು. ಒಡೆಸ್ಸಾ ಈಗ ಯುಕ್ರೇನ್ ದೇಶದಲ್ಲಿದೆ. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಸುಪ್ರಸಿದ್ಧ ವಿಜ್ಞಾನಿ ಮೆಚ್ನಿಕಾಫರ ಶಿಷ್ಯರಾಗಿ ಪ್ರಾಣಿಶಾಸ್ತ್ರ ಕಲಿತರು. ತಮ್ಮ ಧರ್ಮವನ್ನು ಬಿಡಲೊಪ್ಪದ ಕಾರಣ ಅವರಿಗೆ ಅಲ್ಲಿ ಪ್ರಾಧ್ಯಾಪಕ ಹುದ್ದೆ ದೊರೆಯಲಿಲ್ಲ. ಕಡೆಗೆ ಪ್ಯಾರಿಸ್ಸಿಗೆ ಹೋಗಿ ಪಾಶ್ಚರ್ ಸಂಸ್ಥೆಯನ್ನು ಸೇರಿದರು. ಸೇರಿದ್ದು ವಿಜ್ಞಾನಿಯಾಗಿ ಅಲ್ಲ, ಗ್ರಂಥಾಲಯದ ಕೆಲಸಕ್ಕೆ! ಬಿಡುವಿನ ವೇಳೆಯಲ್ಲಿ ಕಾಲರಾ ರೋಗಾಣುಗಳ ಮೇಲೆ ಪ್ರಯೋಗ ನಡೆಸಿ, 1892ರ ಜುಲೈ 18ರಂದು ತಾವು ತಯಾರಿಸಿದ ಲಸಿಕೆಯನ್ನು ತಮಗೇ ಚುಚ್ಚಿಕೊಂಡರು.

1893ರಲ್ಲಿ ಅವರು ಕಲ್ಕತ್ತೆಗೆ ಬಂದರು. ಕಾಲರಾದಿಂದ ಜನ ಸಾಯುತ್ತಿದ್ದರೂ ಬಿಳಿಯನೊಬ್ಬ ತಂದ ಸೂಜಿಯನ್ನು ಜನರು ಸುಲಭವಾಗಿ ನಂಬುವುದಾದರೂ ಹೇಗೆ? ಹಾಫ್‌ಕಿನ್ನರು ಬಂಗಾಳಿ ವೈದ್ಯರನ್ನು ಜೊತೆಗೆ ಕರೆದುಕೊಂಡು ಬಡವರ ಕೇರಿಗಳಿಗೆ ಹೋಗಿ, ಎಲ್ಲರೂ ನೋಡುತ್ತಿರುವಂತೆ ತಾವೇ ಲಸಿಕೆ ಹಾಕಿಸಿಕೊಂಡು ತೋರಿಸಿದರು. ಮುಂದೆ ಎರಡು ವರ್ಷಗಳಲ್ಲಿ ಕಲ್ಕತ್ತೆಯಿಂದ ಅಸ್ಸಾಮಿನ ಚಹ ತೋಟಗಳವರೆಗೆ ನಲವತ್ತು ಸಾವಿರಕ್ಕೂ ಹೆಚ್ಚು ಜನ ಅವರ ಲಸಿಕೆ ಪಡೆದರು. ಅಷ್ಟರಲ್ಲಿ ಹಾಫ್‌ಕಿನ್ನರೇ ಮಲೇರಿಯಾಕ್ಕೆ ತುತ್ತಾಗಿ ಯುರೋಪಿಗೆ ಮರಳಬೇಕಾಯಿತು.

ಮತ್ತೆ ಭಾರತಕ್ಕೆ ಬಂದಾಗ ಮುಂಬಯಿಯಲ್ಲಿ ಪ್ಲೇಗು ಎದ್ದಿತ್ತು. 1896ರ ಅಕ್ಟೋಬರದಲ್ಲಿ ಸರಕಾರ ಅವರನ್ನು ಅಲ್ಲಿಗೆ ಕರೆಸಿತು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅವರಿಗೆ ದೊರೆತದ್ದು ಇಕ್ಕಟ್ಟಾದ ಜಾಗ, ಒಬ್ಬ ಗುಮಾಸ್ತ ಮತ್ತು ಮೂವರು ಜವಾನರು. ಅವರು ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರು. ಪ್ಲೇಗಿನ ರೋಗಾಣುಗಳು ಆ ಹನಿಗಳಿಗೆ ಅಂಟಿಕೊಂಡು ಬಿಳಲುಗಳಂತೆ ಕೆಳಕ್ಕೆ ಬೆಳೆಯುತ್ತಿದ್ದವು. ಸೀಸೆಯನ್ನು ಅಲುಗಿಸಿದರೆ ಅವು ತಳಕ್ಕೆ ಉದುರುವುವು, ಮತ್ತೆ ಹೊಸವು ಇಳಿಯುವುವು. ಹೀಗೆ ಬೆಳೆಸಿದ ರೋಗಾಣುಗಳನ್ನು ಕಾಯಿಸಿ ಕೊಂದು, ಕಾರ್ಬಾಲಿಕ್ ಆಮ್ಲ ಸೇರಿಸಿದರೆ ಲಸಿಕೆ ಸಿದ್ಧ. ನಮ್ಮ ಅಡಿಗೆಮನೆಯ ತುಪ್ಪ ಮಾಡಿದ ಉಪಕಾರವನ್ನು ನೋಡಿ!

1897ರ ಜನವರಿ 10ರಂದು, ಇತರರಿಗೆ ಕೊಡಬೇಕೆಂದಿದ್ದ ಪ್ರಮಾಣದ ಮೂರು ಪಟ್ಟಿಗೂ ಮಿಕ್ಕ ಲಸಿಕೆಯನ್ನು ಹಾಫ್‌ಕಿನ್ನರು ತಮ್ಮ ಮೈಗೆ ಚುಚ್ಚಿಸಿಕೊಂಡರು. ಜೋರು ಜ್ವರ ಬಂದಿತು, ಕೆಲವು ದಿನಗಳಲ್ಲಿ ಇಳಿಯಿತು. ಬಳಿಕ ಕಾಲೇಜಿನ ಕೆಲವು ವೈದ್ಯರೂ ತಾವಾಗಿ ಮುಂದೆ ಬಂದರು. ಅದೇ ತಿಂಗಳ ಕೊನೆಗೆ ಬೈಕಲಾ ಸೆರೆಮನೆಗೆ ಪ್ಲೇಗು ನುಗ್ಗಿದಾಗ ಸುಮಾರು ಅರ್ಧದಷ್ಟು ಕೈದಿಗಳು ಇಷ್ಟಪಟ್ಟು ಲಸಿಕೆ ಪಡೆದರು. ಪಡೆಯದವರಲ್ಲಿ 12 ಜನರಿಗೆ ರೋಗ ತಗುಲಿ 6 ಜನ ಸತ್ತರು. ಪಡೆದವರಲ್ಲಿ ಇಬ್ಬರಿಗೆ ತಗುಲಿತು, ಯಾರೂ ಸಾಯಲಿಲ್ಲ.

ಆಗ ಸರಕಾರ ಪ್ಲೇಗಿನ ಹೆಸರಿನಲ್ಲಿ ಸಿಪಾಯಿಗಳನ್ನು ಮನೆಗಳಿಗೆ ನುಗ್ಗಿಸುತ್ತಿತ್ತು. ಆ ಸಿಟ್ಟಿನಲ್ಲೇ 1897ರ ಜೂನಿನಲ್ಲಿ ಪುಣೆಯಲ್ಲಿ ಚಾಪೇಕರ ಸೋದರರು ರ‍್ಯಾಂಡ್ ಸಾಹೇಬನನ್ನು ಕೊಂದರು. ಅಂಥ ದಿನಗಳಲ್ಲಿ ಸೂಜಿಗೆ ಕೈಯೊಡ್ಡಲು ಜನರಿಗೆ ಧೈರ್ಯ ಬಂದದ್ದು ಬಲವಂತದಿಂದಲ್ಲ; ತಮ್ಮ ನಂಬಿಕೆಯವರು ಮೊದಲು ಹಾಕಿಸಿಕೊಂಡದ್ದರಿಂದ. ಮುಂಬಯಿಯಲ್ಲಿ ಆಗಾ ಖಾನರು ತಮ್ಮ ಜನರ ಎದುರಿಗೇ ಲಸಿಕೆ ಪಡೆದರು, ಅವರ ಹಿಂದೆ ಸಾವಿರಾರು ಖೋಜಾ ಮುಸಲ್ಮಾನರು ಪಡೆದರು. 1898ರಲ್ಲಿ ಹುಬ್ಬಳ್ಳಿಯಲ್ಲಿಯೂ ಸಾವಿರಾರು ಜನ ಹಾಕಿಸಿಕೊಂಡರು.

ಆದರೆ ಈ ರಕ್ಷಣೆ ಆಯುಷ್ಯಪೂರ್ತಿ ಉಳಿಯುವಂಥದಲ್ಲ. ಕೆಲವು ತಿಂಗಳುಗಳಲ್ಲಿ ಅದರ ಬಲ ಕುಂದುತ್ತಿತ್ತು; ಪ್ಲೇಗು ಮರಳಿ ಬಂದರೆ ಲಸಿಕೆಯನ್ನೂ ಮರಳಿ ಹಾಕಿಸಿಕೊಳ್ಳಬೇಕಾಗಿತ್ತು. ರೋಗಿಗಳ ನಡುವೆಯೇ ಓಡಾಡುವ ವೈದ್ಯರು, ದಾದಿಯರು, ಆಸ್ಪತ್ರೆಯ ಜವಾನರಿಗಂತೂ ಇದು ಜೀವದ ಪ್ರಶ್ನೆ. ಕೊರೋನಾ ಕಾಲದಲ್ಲಿ ನಮ್ಮ ದೇಶದಲ್ಲಿ 2021ರ ಜನವರಿ 16ರಂದು ಮೊದಲ ಲಸಿಕೆ ಸಿಕ್ಕಿದ್ದು ಆಸ್ಪತ್ರೆಯ ನೌಕರರಿಗೆ. ಎರಡು ಡೋಸುಗಳ ಬಲ ಕುಂದೀತೆಂದು ಅವರಿಗೆ ಮೂರನೆಯದನ್ನು ಕೊಡತೊಡಗಿದ್ದು 2022ರ ಜನವರಿ 10ರಂದು. ಹಾಫ್‌ಕಿನ್ನರು ಚುಚ್ಚಿಸಿಕೊಂಡು ಅಂದಿಗೆ ಸರಿಯಾಗಿ 125 ವರ್ಷ! ಯಾರೂ ಲೆಕ್ಕ ಹಾಕಿ ಆರಿಸಿದ ದಿನವಿರಲಾರದು.

ಇಷ್ಟು ಮಾಡಿದವರಿಗೆ ದೊರೆತ ಫಲವೇನು? 1902ರ ಅಕ್ಟೋಬರ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ ಒಂದೇ ಸೀಸೆಯ ಲಸಿಕೆ ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ತಪ್ಪು ಪ್ರಯೋಗಶಾಲೆಯದೆಂದು ತನಿಖೆಯವರು ಹೇಳಿದರು. ಹಾಫ್‌ಕಿನ್ನರು ಹುದ್ದೆ ಕಳೆದುಕೊಂಡರು. ಅವರು ವೈದ್ಯ ಪದವಿ ಇಲ್ಲದವರು, ಯಹೂದಿ, ಮೇಲಾಗಿ ರಷ್ಯಾದವರು. ಬ್ರಿಟಿಷ್ ವೈದ್ಯಾಧಿಕಾರಿಗಳಲ್ಲಿ ಅನೇಕರಿಗೆ ಮೊದಲಿನಿಂದಲೂ ಬೇಡವಾಗಿದ್ದರು. ಹಳ್ಳಿಯಲ್ಲಿ ಸೀಸೆ ತೆರೆಯುವಾಗ ನೆಲಕ್ಕೆ ಬಿದ್ದ ಇಕ್ಕಳವನ್ನು ಸರಿಯಾಗಿ ಶುದ್ಧಮಾಡದೆ ಬಳಸಿದ್ದೇ ಕಾರಣವಿರಬೇಕೆಂದು ಬಲವಾದ ಸಾಕ್ಷ್ಯವಿತ್ತು. ಮಲೇರಿಯಾ ಸಂಶೋಧಕ ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಲಂಡನ್ನಿನ ಪತ್ರಿಕೆಯಲ್ಲಿ ಅವರ ಪರವಾಗಿ ಬರೆದರು. ನಿರಪರಾಧಿ ಎನಿಸಿಕೊಳ್ಳಲು 1907ರವರೆಗೆ ಕಾಯಬೇಕಾಯಿತು. ಆಮೇಲೆ ಕಲ್ಕತ್ತೆಗೆ ಮರಳಿ ಕೆಲವು ವರ್ಷ ದುಡಿದರೂ ತಾವೇ ಕಟ್ಟಿದ ಮುಂಬಯಿಯ ಪ್ರಯೋಗಶಾಲೆ ಅವರಿಗೆ ಮತ್ತೆ ಸಿಗಲಿಲ್ಲ.

ಮದುವೆಯಾಗದೆ ಉಳಿದ ಹಾಫ್‌ಕಿನ್ನರು 1930ರ ಅಕ್ಟೋಬರ 26ರಂದು ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ತೀರಿಕೊಂಡರು. ಅದಕ್ಕೂ ಐದು ವರ್ಷ ಮೊದಲೇ, 1925ರಲ್ಲಿ, ಮುಂಬಯಿಯ ಪರೇಲಿನಲ್ಲಿ ಹಳೆಯ ಗವರ್ನರ್ ಬಂಗಲೆಯಲ್ಲಿದ್ದ ಆ ಪ್ರಯೋಗಶಾಲೆಗೆ ಹಾಫ್‌ಕಿನ್ ಇನ್‌ಸ್ಟಿಟ್ಯೂಟ್ ಎಂದು ಹೆಸರಿಟ್ಟಿದ್ದರು. ಮುಂಬಯಿಗೆ ಹೋದವರು ಇಂದಿಗೂ ಅಲ್ಲಿ ಆ ಹೆಸರನ್ನು ನೋಡಬಹುದು.