ಕಳ್ಳಿಗಿಡಗಳ ಬೆನ್ನು ಹತ್ತಿದ ಆಲ್ಬರ್ಟೊ ಫ್ರಿಚ್

ಪ್ರೌಢಶಾಲೆಯಲ್ಲಿ ಸಸ್ಯಗಳ ಹೊಂದಾಣಿಕೆಯ ಪಾಠ ಬಂದಾಗ ನಾವು ಕಪ್ಪುಹಲಗೆಯ ಮೇಲೆ ಕಳ್ಳಿಯ ಚಿತ್ರ ಬರೆಯುತ್ತೇವೆ. ಎಲೆಗಳು ಮುಳ್ಳುಗಳಾಗಿವೆ, ಕಾಂಡ ನೀರು ಕೂಡಿಡುತ್ತದೆ, ಹಸಿರು ಕಾಂಡವೇ ಆಹಾರ ತಯಾರಿಸುತ್ತದೆ ಎಂಬ ಮೂರು ಅಂಶಗಳನ್ನು ಬರೆಸಿ ಮುಂದಕ್ಕೆ ಹೋಗುತ್ತೇವೆ. ಕ್ಯಾಕ್ಟಸ್ ಕುಟುಂಬದ ಗಿಡಗಳು ಬಹುಮಟ್ಟಿಗೆ ಅಮೆರಿಕ ಖಂಡಗಳವು. ನಮ್ಮ ಬಯಲುಸೀಮೆಯ ಬೇಲಿಗಳಲ್ಲಿ ಕಾಣುವ ಪಾಪಾಸುಕಳ್ಳಿಯ ಮೂಲವೂ ಅದೇ. ಮುರಿದರೆ ಹಾಲು ಸುರಿಸುವ ನಮ್ಮ ನಾಡಿನ ಕಳ್ಳಿಗಳು ಯೂಫೋರ್ಬಿಯಾ ಎಂಬ ಬೇರೆಯೇ ಗುಂಪಿಗೆ ಸೇರಿದವು. ಹಾಗಾದರೆ ಅಷ್ಟು ದೂರದ ಗಿಡಗಳನ್ನು ಹುಡುಕಿ ತಂದು ಜಗತ್ತಿಗೆ ಪರಿಚಯಿಸಿದವರು ಯಾರು ಎಂದು ಮಕ್ಕಳು ಕೇಳಿದರೆ ಹೇಳಲು ಒಂದು ಒಳ್ಳೆಯ ಬದುಕಿನ ಕಥೆಯಿದೆ. ಅದು ಚೆಕ್ ದೇಶದ ಆಲ್ಬರ್ಟೊ ವೊಯ್ತೇಖ್ ಫ್ರಿಚ್ ಅವರದು.

ಹಿಮ ಕಲಿಸಿದ ಮೊದಲ ಪಾಠ

ಫ್ರಿಚ್ 1882ರ ಸೆಪ್ಟೆಂಬರ್ 8ರಂದು ಪ್ರಾಗ್ ನಗರದಲ್ಲಿ ಜನಿಸಿದರು. ಆಗ ಪ್ರಾಗ್ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಭಾಗವಾಗಿತ್ತು. ಶಾಲಾ ಬಾಲಕನಾಗಿದ್ದಾಗಲೇ ಅವರಿಗೆ ಕಳ್ಳಿಗಿಡಗಳ ಹುಚ್ಚು ಹಿಡಿಯಿತು. ಹದಿನೈದರ ಹೊತ್ತಿಗೆ ದೊಡ್ಡವರೂ ಬಂದು ಸಲಹೆ ಕೇಳುವಷ್ಟು ಗಿಡಗಳನ್ನೂ ತಿಳಿವಳಿಕೆಯನ್ನೂ ಸಂಪಾದಿಸಿದ್ದರು. ಆದರೆ 1899ರ ಚಳಿಗಾಲದಲ್ಲಿ ಬಿದ್ದ ಹಿಮಕ್ಕೆ ಸಿಕ್ಕಿ ಅವರ ಸಂಗ್ರಹದ ಬಹುಪಾಲು ನಾಶವಾಯಿತು.

ಇಲ್ಲಿ ವಿಜ್ಞಾನದ ಒಂದು ಸಂಗತಿಯಿದೆ. ಬರಗಾಲದಲ್ಲಿ ಕಳ್ಳಿಯನ್ನು ಕಾಯುವುದು ಅದರ ಕಾಂಡದಲ್ಲಿರುವ ನೀರು. ಕೊರೆಯುವ ಚಳಿಯಲ್ಲಿ ಅದೇ ನೀರು ಮಂಜುಗಡ್ಡೆಯಾಗಿ ಜೀವಕೋಶಗಳನ್ನು ಹಾಳುಮಾಡುತ್ತದೆ. ಒಂದು ಪರಿಸರಕ್ಕೆ ಹೊಂದಿಕೊಂಡ ಗುಣ ಇನ್ನೊಂದು ಪರಿಸರದಲ್ಲಿ ಪ್ರಾಣಕ್ಕೇ ಮುಳುವಾಗಬಹುದು.

ಗಿಡಗಳು ಸತ್ತವೆಂದು ಫ್ರಿಚ್ ಕೈಚೆಲ್ಲಿ ಕೂರಲಿಲ್ಲ. ಅವು ಹುಟ್ಟಿದ ನೆಲದಲ್ಲೇ ಅವುಗಳನ್ನು ನೋಡಬೇಕೆಂದು 1901ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಬ್ರೆಜಿಲ್‌ಗೆ ಹಡಗು ಹತ್ತಿದರು. ಆ ಪ್ರವಾಸದಲ್ಲಿ ಜಾಗ್ವಾರ್ ದಾಳಿಗೆ ಸಿಕ್ಕಿ ತೀವ್ರವಾಗಿ ಗಾಯಗೊಂಡರೂ ಬದುಕಿ ಊರಿಗೆ ಮರಳಿದರು.

ಗಿಡ ಹುಡುಕುತ್ತ ಹೋಗಿ ಜನರನ್ನು ಕಂಡದ್ದು

ಮುಂದಿನ ಪ್ರವಾಸಗಳು ಅವರನ್ನು ಪರಾಗ್ವೆಯ ಚಾಕೊ ಪ್ರದೇಶಕ್ಕೆ ಕರೆದೊಯ್ದವು. ಗಿಡ ಹುಡುಕಲು ಹೋದವರಿಗೆ ದಾರಿ ತೋರಿಸಿದವರು ಅಲ್ಲಿನ ಮೂಲನಿವಾಸಿಗಳು. ಫ್ರಿಚ್ ಅವರೊಡನೆ ಬಾಳಿದರು, ಅವರ ಮಾತುಗಳನ್ನು ಕಲಿತು ಪದಪಟ್ಟಿ ಮಾಡಿದರು, ಛಾಯಾಚಿತ್ರ ತೆಗೆದರು, ಬಳಕೆಯ ವಸ್ತುಗಳನ್ನು ಸಂಗ್ರಹಿಸಿ ಯುರೋಪಿನ ವಸ್ತುಸಂಗ್ರಹಾಲಯಗಳಿಗೆ ಕಳಿಸಿದರು.

ಚಮಕೋಕೊ ಎಂಬ ಬುಡಕಟ್ಟಿನವರು ಆಗ ಕಾರಣ ತಿಳಿಯದ ಕಾಯಿಲೆಯಿಂದ ನರಳುತ್ತಿದ್ದರು. ಆ ಬುಡಕಟ್ಟಿನ ಚೆರ್ವುಯಿಶ್ ಎಂಬ ಯುವಕನನ್ನು ಫ್ರಿಚ್ 1908ರಲ್ಲಿ ಪ್ರಾಗ್‌ಗೆ ಕರೆತಂದು ತಮ್ಮ ಮನೆಯಲ್ಲೇ ಇರಿಸಿಕೊಂಡರು. ವೈದ್ಯರು ಪರೀಕ್ಷಿಸಿದಾಗ ಕಾಯಿಲೆಗೆ ಕಾರಣ ಕರುಳಿನಲ್ಲಿ ನೆಲೆಸಿ ರಕ್ತ ಹೀರುವ ಪರೋಪಜೀವಿ ಹುಳು ಎಂದು ಗೊತ್ತಾಯಿತು. ಫ್ರಿಚ್ ಮರುಪ್ರವಾಸದಲ್ಲಿ ಚೆರ್ವುಯಿಶ್‌ನನ್ನು ಅವನ ನೆಲಕ್ಕೆ ತಲುಪಿಸಿ, ಅವನ ಜನರಿಗೆ ಔಷಧಿಯನ್ನೂ ಒಯ್ದರು.

ಈ ಕಥೆಗೆ ಇನ್ನೊಂದು ಮುಖವೂ ಇದೆ. ದೂರದೇಶದ ಜನರನ್ನು ಜಾತ್ರೆಗಳಲ್ಲಿ ಪ್ರದರ್ಶನಕ್ಕಿಡುತ್ತಿದ್ದ ಕಾಲ ಅದು. ಫ್ರಿಚ್ ಕೂಡ ಚೆರ್ವುಯಿಶ್‌ನನ್ನು ತಮ್ಮ ಉಪನ್ಯಾಸಗಳಿಗೆ ಕರೆದೊಯ್ಯುತ್ತಿದ್ದರು. ಅವನು ಅತಿಥಿಯಾಗಿದ್ದನೋ ನೋಡುವ ವಸ್ತುವಾಗಿದ್ದನೋ ಎಂಬ ಪ್ರಶ್ನೆಯನ್ನು ನಾವು ಮುಚ್ಚಿಡಬೇಕಿಲ್ಲ. ಯುರೋಪಿನಲ್ಲಿ ಕಂಡದ್ದನ್ನು ಚೆರ್ವುಯಿಶ್ ತನ್ನವರಿಗೆ ಹೇಳಿದಾಗ ಅವರು ನಂಬದೆ ಅವನನ್ನು ಸುಳ್ಳುಗಾರನೆಂದರು ಎಂದು ಈ ಕಥೆ ಹೇಳುವವರು ಸೇರಿಸುತ್ತಾರೆ.

ಅದೇ 1908ರಲ್ಲಿ ವಿಯೆನ್ನಾದಲ್ಲಿ ಅಮೆರಿಕ ಖಂಡಗಳ ಅಧ್ಯಯನಕಾರರ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ದಕ್ಷಿಣ ಬ್ರೆಜಿಲ್‌ನ ಸಾಂಟಾ ಕ್ಯಾಟರಿನಾದಲ್ಲಿ ಯುರೋಪಿನಿಂದ ಬಂದ ವಲಸಿಗರಿಗೆ ಭೂಮಿ ತೆರವು ಮಾಡಲು ಮೂಲನಿವಾಸಿಗಳನ್ನು ಬೇಟೆಯಾಡಿ ಕೊಲ್ಲಲಾಗುತ್ತಿದೆ ಎಂದು ಫ್ರಿಚ್ ವಿದ್ವಾಂಸರ ಎದುರು ಎದ್ದು ನಿಂತು ದೂರಿದರು. ಆ ವಲಸಿಗರಲ್ಲಿ ಜರ್ಮನರು ಹೆಚ್ಚಾಗಿದ್ದುದರಿಂದ ಅವರಿಗೆ ಕೆಲಸ ಕೊಡುತ್ತಿದ್ದ ಜರ್ಮನಿಯ ವಿದ್ವತ್ ವಲಯ ಮುನಿಸಿಕೊಂಡು ಸಂಬಂಧ ಕಡಿದುಕೊಂಡಿತು. ಈ ಮಾತು ಬ್ರೆಜಿಲ್‌ನಲ್ಲಿ ದೊಡ್ಡ ಚರ್ಚೆಗೆ ದಾರಿಮಾಡಿತು. 1910ರಲ್ಲಿ ಅಲ್ಲಿನ ಸರ್ಕಾರ ಮೂಲನಿವಾಸಿಗಳ ರಕ್ಷಣೆಗೆಂದು ಒಂದು ಇಲಾಖೆಯನ್ನೇ ಆರಂಭಿಸಿತು.

ನಕ್ಷತ್ರದಂಥ ಕಳ್ಳಿ

ಮೊದಲನೆಯ ಮಹಾಯುದ್ಧದ ನಂತರ ಫ್ರಿಚ್ ಮತ್ತೆ ಗಿಡಗಳ ಕಡೆ ಹೊರಳಿದರು. 1923ರಲ್ಲಿ ಮೆಕ್ಸಿಕೊಗೆ ಹೋದಾಗ ಅವರ ಅತಿ ಪ್ರಸಿದ್ಧ ಶೋಧ ನಡೆಯಿತು. ಆಸ್ಟ್ರೊಫೈಟಮ್ ಆಸ್ಟೀರಿಯಾಸ್ ಎಂಬ ಕಳ್ಳಿಯನ್ನು ಸಸ್ಯವಿಜ್ಞಾನಿ ಜುಕಾರಿನಿ 1845ರಲ್ಲೇ ವರ್ಣಿಸಿದ್ದರು. ಅದಕ್ಕೆ ಮುಳ್ಳುಗಳಿಲ್ಲ. ನೆಲಕ್ಕೆ ಅಂಟಿದಂತೆ ಬೆಳೆಯುವ ಚಪ್ಪಟೆ ಗುಂಡಗಿನ ಕಾಂಡ ಸಾಮಾನ್ಯವಾಗಿ ಎಂಟು ಭಾಗಗಳಾಗಿ ನಕ್ಷತ್ರದಂತೆ ಕಾಣುತ್ತದೆ. ಯುರೋಪಿಗೆ ತಂದಿದ್ದ ಗಿಡಗಳು ಸತ್ತ ಮೇಲೆ ಅದು ಎಲ್ಲಿ ಬೆಳೆಯುತ್ತದೆಂದೇ ಬೆಳೆಗಾರರಿಗೆ ತಿಳಿದಿರಲಿಲ್ಲ. ಸುಮಾರು ಎಂಟು ದಶಕಗಳ ನಂತರ ಫ್ರಿಚ್ ಅದನ್ನು ಮತ್ತೆ ಪತ್ತೆಹಚ್ಚಿದರು. ಅವರು ತಂದ ಗಿಡಗಳು ಯುರೋಪಿನ ಬೆಳೆಗಾರರ ಕೈಗೆ ಹೋದವು. 1920ರ ದಶಕದ ಕೊನೆಯಲ್ಲಿ ದಕ್ಷಿಣ ಅಮೆರಿಕಕ್ಕೆ ಹೋಗಿ ಇನ್ನಷ್ಟು ಗಿಡಗಳನ್ನು ತಂದರು.

ಇಂದು ಅದೇ ಕಳ್ಳಿ ತನ್ನ ನೆಲೆಯಲ್ಲಿ ಅಪಾಯದಲ್ಲಿದೆ. ನೆಲೆ ನಾಶವಾದದ್ದು ಒಂದು ಕಾರಣ, ಸಂಗ್ರಾಹಕರಿಗಾಗಿ ಕಿತ್ತು ಮಾರಿದ್ದು ಇನ್ನೊಂದು. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದಲ್ಲಿ ಅದು ಅತಿ ಕಟ್ಟುನಿಟ್ಟಿನ ಮೊದಲ ಪಟ್ಟಿಯಲ್ಲಿದೆ. ಫ್ರಿಚ್ ಅವರ ಕಾಲಕ್ಕೆ ಇಂಥ ಕಾನೂನು ಇರಲಿಲ್ಲ. ಆದರೂ ಒಂದು ಅಪರೂಪದ ಗಿಡಕ್ಕೆ ಹೆಸರು ಬಂದರೆ ಅದೇ ಅದಕ್ಕೆ ಕುತ್ತಾಗಬಲ್ಲದು ಎಂಬುದನ್ನು ಈ ಉದಾಹರಣೆ ತೋರಿಸುತ್ತದೆ.

ಹೆಸರಿಡುವುದರಲ್ಲೂ ಅವರು ಅವಸರಗಾರರು. ನೋಟೊಕ್ಯಾಕ್ಟಸ್‌ನಂಥ ಹೆಸರುಗಳು ಅವರಿಂದ ಬಂದು ಬೆಳೆಗಾರರ ಬಾಯಲ್ಲಿ ಉಳಿದವು. ಆದರೆ ಅವರು ಕೊಟ್ಟ ಅನೇಕ ಹೆಸರುಗಳು ನಿಯಮಬದ್ಧ ವರ್ಣನೆಯಿಲ್ಲದೆ ಮಾರಾಟದ ಪಟ್ಟಿಗಳಲ್ಲಿ, ಹವ್ಯಾಸಿಗಳ ಪತ್ರಿಕೆಗಳಲ್ಲಿ ಅಚ್ಚಾದವು. ಹೀಗಾಗಿ ಸಸ್ಯವಿಜ್ಞಾನ ಅವನ್ನು ಒಪ್ಪಲಿಲ್ಲ. ಗಿಡವನ್ನು ಮೊದಲು ಕಂಡವರು ಅವರಾದರೂ ಹೆಸರಿನ ಮುಂದೆ ಬೇರೆಯವರ ಹೆಸರು ನಿಂತದ್ದುಂಟು.

ಎರಡನೆಯ ಹಿಮ

1939ರ ಮಾರ್ಚ್‌ನಲ್ಲಿ ನಾಜಿ ಜರ್ಮನಿಯ ಸೇನೆ ಪ್ರಾಗ್ ಹೊಕ್ಕಿತು. ಯುದ್ಧಕಾಲದ ಚಳಿಗಾಲದಲ್ಲಿ ಗಾಜಿನಮನೆಯನ್ನು ಬೆಚ್ಚಗಿಡಲು ಕಲ್ಲಿದ್ದಲು ಸಿಗಲಿಲ್ಲ. ಹುಡುಗನಾಗಿದ್ದಾಗ ಆದಂತೆಯೇ, ನಾಲ್ಕು ದಶಕಗಳ ನಂತರ ಅವರ ಸಂಗ್ರಹ ಮತ್ತೊಮ್ಮೆ ಹಿಮಕ್ಕೆ ಬಲಿಯಾಯಿತು. ಜಾಗ್ವಾರ್‌ನಿಂದ ಪಾರಾಗಿದ್ದ ಫ್ರಿಚ್ ಅವರಿಗೆ ಕೊನೆಗೆ ಮನೆಯ ಮೊಲದ ಗೂಡಿನ ತುಕ್ಕುಹಿಡಿದ ಮೊಳೆ ತಗುಲಿತು. ಆ ಗೀರಿನಿಂದ ಧನುರ್ವಾಯು ಉಂಟಾಗಿ 1944ರ ಡಿಸೆಂಬರ್ 4ರಂದು ತೀರಿಕೊಂಡರು. ಆಗ ಅವರಿಗೆ 62 ವರ್ಷ.

ಅವರ ಗಾಜಿನಮನೆಯಲ್ಲಿದ್ದದ್ದು ಹೋಯಿತು. ಇತರ ಬೆಳೆಗಾರರಿಗೆ ತಲುಪಿಸಿದ್ದ ಗಿಡ ಮತ್ತು ಬೀಜಗಳ ಮೂಲಕ ಅವರ ಕೆಲಸ ಉಳಿಯಿತು. ಚೆಕ್ ಜನರಲ್ಲಿ ಕಳ್ಳಿ ಬೆಳೆಸುವ ಹವ್ಯಾಸ ಇಂದಿಗೂ ಗಟ್ಟಿಯಾಗಿದೆ, ಅವರನ್ನು ನೆನೆಯುವವರೂ ಇದ್ದಾರೆ.

ತರಗತಿಯಲ್ಲಿ ಬಳಕೆ

ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿ ಮಿತ್ರರು ಈ ಜೀವನಕಥೆಯನ್ನು ಹೊಂದಾಣಿಕೆ, ಪರೋಪಜೀವಿಗಳು, ಜೀವಿವೈವಿಧ್ಯ ಸಂರಕ್ಷಣೆ ಈ ಮೂರೂ ಪಾಠಗಳಿಗೆ ಜೋಡಿಸಬಹುದು. ಇಡೀ ಕಥೆ ಹೇಳುವ ಅಗತ್ಯವಿಲ್ಲ, ಪಾಠಕ್ಕೆ ಬೇಕಾದ ಒಂದು ಘಟನೆ ಸಾಕು. ಫ್ರಿಚ್ ಅವರನ್ನು ದೋಷವಿಲ್ಲದ ಸಾಹಸಿಯಾಗಿ ಚಿತ್ರಿಸುವ ಬದಲು, ಸಂಗ್ರಹಿಸುವವನ ಹೊಣೆ ಏನು ಎಂಬ ಚರ್ಚೆಗೆ ಈ ಬದುಕನ್ನು ಬಳಸಿದರೆ ಮಕ್ಕಳು ಹೆಚ್ಚು ಕಲಿಯುತ್ತಾರೆ. ಚೆರ್ವುಯಿಶ್‌ನನ್ನು ಮರಳಿ ತಲುಪಿಸಿದಾಗ, ವಿಯೆನ್ನಾದಲ್ಲಿ ಸತ್ಯ ಹೇಳಿದಾಗ ಅವರು ಆ ಹೊಣೆ ಹೊತ್ತರು. ಗಿಡಗಳ ವಿವರ ಬರೆದಿಡುವಲ್ಲಿ ಹೊರಲಿಲ್ಲ.

ಚರ್ಚೆಯ ನಂತರ ಒಂದು ಸಣ್ಣ ಚಟುವಟಿಕೆ ಕೊಡಬಹುದು. ಶಾಲೆಯ ಸುತ್ತಲಿನ ಐದು ಗಿಡಗಳನ್ನು ಕೀಳದೆ ಗುರುತಿಸಿ, ಪ್ರತಿಯೊಂದಕ್ಕೂ ಊರಿನ ಹೆಸರು, ಕಂಡ ಜಾಗ, ದಿನಾಂಕ, ಗಮನಿಸಿದ ಎರಡು ಲಕ್ಷಣಗಳನ್ನು ಬರೆದುಕೊಂಡು ಬರುವಂತೆ ಹೇಳಬೇಕು. ಹೆಸರು ಹೇಳಿಕೊಟ್ಟ ಹಿರಿಯರ ಹೆಸರನ್ನೂ ಆ ಚೀಟಿಯಲ್ಲಿ ಬರೆಸಬೇಕು.