ವಚನ ಪಿತಾಮಹ ಹಳಕಟ್ಟಿಯವರೂ ಅವರನ್ನು ಸಾಕಿದ ಅಜ್ಜಿಯೂ

ಮಹನೀಯರ ಚರಿತ್ರೆಯನ್ನು ಬರೆಯುವವರು ಅವರ ತಂದೆಯ ಹೆಸರು, ಅವರು ಪಡೆದ ಪದವಿ, ಕಟ್ಟಿದ ಸಂಸ್ಥೆ ಇವುಗಳನ್ನು ವಿಸ್ತಾರವಾಗಿ ಹೇಳುವುದು ವಾಡಿಕೆ. ಎಳೆಯ ವಯಸ್ಸಿನಲ್ಲಿ ಅವರನ್ನು ಎತ್ತಿ ಆಡಿಸಿದ ಕೈಗಳಿಗೆ ಆ ಚರಿತ್ರೆಯಲ್ಲಿ ದೊರೆಯುವುದು ಒಂದೇ ಪಂಕ್ತಿ. ಶ್ರೀಮಠದ ಈ ಉತ್ಸವ ಸಮಯದಲ್ಲಿ ಯರಗೇರಾ ಸೀಮೆಯ ಊರೂರುಗಳಿಂದ ಮೊಮ್ಮಕ್ಕಳ ಕೈಹಿಡಿದು ಬರುವ ಅಜ್ಜ ಅಜ್ಜಿಯರನ್ನು ಕಾಣುವಾಗ, ಅಂಥ ಒಂದು ಪಂಕ್ತಿಯನ್ನು ಕುರಿತು ನಾಲ್ಕು ಮಾತು ಬರೆಯುವುದು ಉಚಿತವೆಂದು ತೋರಿತು.

ವಚನ ಪಿತಾಮಹರೆಂದು ಲೋಕವಿದಿತರಾದ ಶ್ರೀ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು. ಕನ್ನಡದಲ್ಲಿ ಗ್ರಂಥಗಳನ್ನು ಬರೆದವರು. ತಾಯಿ ದಾನಾದೇವಿಯವರು ಮಗುವಿಗೆ ಮೂರು ವರ್ಷ ತುಂಬುವ ವೇಳೆಗೆ ಶಿವಾಧೀನರಾದರು. ಆಗ ಕೂಸನ್ನು ಮಡಿಲಿಗೆ ತೆಗೆದುಕೊಂಡವಳು ಅಜ್ಜಿ. ತಾಯಿಯಿಲ್ಲದ ಮನೆಯಲ್ಲಿ ಮಗುವಿಗೆ ತುತ್ತು ಕೊಟ್ಟು, ತಬ್ಬಲಿಯೆಂಬ ಭಾವ ಮನಸ್ಸಿನಲ್ಲಿ ಬೇರೂರದಂತೆ ಸಲಹಿ, ವಿದ್ಯೆಯ ದಾರಿಯಲ್ಲಿ ನಡೆಯಬಲ್ಲ ಹುಡುಗನನ್ನಾಗಿ ಬೆಳೆಸಿದ ಪುಣ್ಯ ಆಕೆಯದು. ತಂದೆಯಿಂದ ಅಕ್ಷರದ ಪ್ರೀತಿಯೂ ಅಜ್ಜಿಯಿಂದ ಅಂತಃಕರಣವೂ ಹೀಗೆ ಒಂದೇ ಮನೆಯಲ್ಲಿ ಆ ಬಾಲಕನಿಗೆ ಲಭಿಸಿದವು.

ಈ ಸಂಗತಿಯನ್ನು ಓದುವಾಗ ಶರಣ ಚರಿತ್ರೆಯನ್ನು ಬಲ್ಲವರಿಗೆ ಮತ್ತೊಂದು ಮನೆಯು ನೆನಪಾಗದೆ ಇರದು. ಮಹಾಕವಿ ಹರಿಹರನು ಬಸವರಾಜದೇವರ ರಗಳೆಯಲ್ಲಿ ಹೇಳಿರುವ ಪ್ರಕಾರ, ಬಸವಣ್ಣನವರು ಬಾಲ್ಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಮುತ್ತವ್ವೆಯ ಆಶ್ರಯದಲ್ಲಿ ಬೆಳೆದರು. ಮುಂದೆ ಜನಿವಾರವನ್ನು ಕಿತ್ತೊಗೆದು ಸಂಗಮಕ್ಕೆ ತೆರಳುವ ಧೈರ್ಯವು ಅವರಲ್ಲಿ ಉದಿಸಿತು. ಧರ್ಮವನ್ನು ಸ್ಥಾಪಿಸಿದವರಿಗೂ, ಏಳು ಶತಮಾನಗಳ ತರುವಾಯ ಆ ಧರ್ಮದ ವಾಙ್ಮಯವನ್ನು ಉದ್ಧರಿಸಿದವರಿಗೂ, ಎಳವೆಯ ಆಸರೆ ಮುಪ್ಪಿನ ಕೈಗಳೇ ಆದುದು ಮನನೀಯವಾಗಿದೆ. ಆ ಹರಿಹರನ ರಗಳೆಗಳನ್ನೂ ಶೋಧಿಸಿ ಅಚ್ಚು ಮಾಡಿಸಿದವರು ಹಳಕಟ್ಟಿಯವರೇ.

ಧಾರವಾಡದಲ್ಲಿ ಪ್ರೌಢ ವ್ಯಾಸಂಗವನ್ನು ಮುಗಿಸಿದ ತರುಣನು ಮುಂಬಯಿಯಲ್ಲಿ ಪದವಿ ಪಡೆದು, 1904ರಲ್ಲಿ ಕಾಯಿದೆಯ ಪರೀಕ್ಷೆಯಲ್ಲಿಯೂ ತೇರ್ಗಡೆಯಾದನು. ಬಿಜಾಪುರದಲ್ಲಿ ವಕೀಲಿ ವೃತ್ತಿ ನಡೆಯಿತು. ಹಣವೂ ಮಾನವೂ ತಾವಾಗಿ ಬರುವ ಮಾರ್ಗವದು. ಆದರೆ ಭಕ್ತರ ಮನೆಗಳ ಜಂತಿಗಳಲ್ಲಿ, ಮಠಗಳ ಪೆಟ್ಟಿಗೆಗಳಲ್ಲಿ ಗೆದ್ದಲಿಗೆ ಆಹಾರವಾಗುತ್ತಿದ್ದ ತಾಡವೋಲೆಗಳು ಅವರ ಕಣ್ಣಿಗೆ ಬಿದ್ದವು. ಕಟ್ಟಿಟ್ಟು ಪೂಜಿಸುವವರಿದ್ದರು, ಬಿಚ್ಚಿ ಓದುವವರಿರಲಿಲ್ಲ. ತಬ್ಬಲಿಯಾಗಿ ಬಿದ್ದ ಆ ವಾಙ್ಮಯವನ್ನು ಅವರು ಮಡಿಲಿಗೆ ತೆಗೆದುಕೊಂಡರು. ಅಜ್ಜಿಯು ತಮಗೆ ಮಾಡಿದ ಉಪಕಾರವನ್ನೇ ಅವರು ಶರಣರ ವಾಣಿಗೆ ಮಾಡಿದರೆಂದರೆ ತಪ್ಪಾಗದು.

ಸಂಗ್ರಹಿಸಿದ ವಚನಗಳ ಕೈಬರಹವನ್ನು ಮಂಗಳೂರಿನ ಮುದ್ರಣಾಲಯವೊಂದಕ್ಕೆ ಕಳುಹಿಸಲಾಗಿ, ಅದು ಅಚ್ಚಾಗದೆ ಮರಳಿ ಬಂದಿತು. ಅವರು ಎದೆಗುಂದಲಿಲ್ಲ. 1923ರಲ್ಲಿ ಬೆಳಗಾವಿಯಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವು ಅಚ್ಚಾಗಿ ಹೊರಬಂದಿತು. ಪರರನ್ನು ನಂಬಿದರೆ ಕಾರ್ಯವು ಸಾಗದೆಂದು ತಿಳಿದು, ತಮ್ಮ ಮನೆಯನ್ನೇ ಮಾರಿ 1925ರಲ್ಲಿ ಬಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆಯೂ 1927ರಲ್ಲಿ ನವಕರ್ನಾಟಕ ವಾರಪತ್ರಿಕೆಯೂ ಹೊರಟವು. ಅದಕ್ಕೂ ಮೊದಲೇ, 1910ರಲ್ಲಿ ಬಿಜಾಪುರದ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯ ಸ್ಥಾಪನೆಗೂ 1912ರಲ್ಲಿ ಸಿದ್ಧೇಶ್ವರ ಬ್ಯಾಂಕಿನ ಸ್ಥಾಪನೆಗೂ ದುಡಿದಿದ್ದರು. ಬಳ್ಳಾರಿಯಲ್ಲಿ 1926ರಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವೂ, 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಪದವಿಯೂ ಅವರಿಗೆ ಸಂದವು. ಬಡತನವು ಮಾತ್ರ ಕೊನೆಯವರೆಗೂ ಬಿಡಲಿಲ್ಲ. 1964ರ ಜೂನ್ ತಿಂಗಳಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವನ್ನು ಇಂದು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಕರ್ನಾಟಕದಲ್ಲಿ ಆಚರಿಸಲಾಗುತ್ತಿದೆ.

ನಮ್ಮ ರಾಯಚೂರು ಪ್ರಾಂತಕ್ಕೂ ಈ ಚರಿತ್ರೆಗೂ ಸಂಬಂಧವಿಲ್ಲದೆ ಇಲ್ಲ. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ದಾಸೋಹ ನಡೆಸಿದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳು ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರು. ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದ ಗಂಡನನ್ನು ಹಿಂದಕ್ಕೆ ಕಳುಹಿಸಿದ ಲಕ್ಕಮ್ಮನ ಕಥೆಯನ್ನು ಈ ನಾಡಿನಲ್ಲಿ ಯಾರೂ ಪುಸ್ತಕದಿಂದ ಮೊದಲು ಕಲಿಯಬೇಕಾದುದಿಲ್ಲ. 1948ರವರೆಗೆ ನಿಜಾಮ ಸಂಸ್ಥಾನದಲ್ಲಿದ್ದ ಈ ಪ್ರಾಂತದಲ್ಲಿ ಸರ್ಕಾರದ ಭಾಷೆ ಉರ್ದುವಾಗಿದ್ದಿತು. ಕನ್ನಡವು ಮನೆಯ ಒಲೆಯ ಮುಂದೆಯೂ ಮಠದ ಕಟ್ಟೆಯ ಮೇಲೆಯೂ ಉಳಿದುಕೊಂಡಿತು. ಒಲೆಯ ಮುಂದೆ ಅದನ್ನು ಉಳಿಸಿದವರು ಯಾರು? ಬಹುಮಟ್ಟಿಗೆ ಅಕ್ಷರವನ್ನೇ ಅರಿಯದ ಅಜ್ಜಿಯರು.

ಆದುದರಿಂದ ಭಕ್ತ ಬಾಂಧವರೇ, ತಮಗೆ ಓದು ಬರದೆಂದು ಹಿರಿಯರು ಸಂಕೋಚಪಡಬೇಕಾದುದಿಲ್ಲ. ಮೊಮ್ಮಗನು ಮುಂದೆ ಏನಾಗುವನೆಂಬುದನ್ನು ಹಳಕಟ್ಟಿಯವರ ಅಜ್ಜಿಯೂ ಅರಿತಿರಲಾರಳು. ಶಾಲೆಗೆ ಹೊರಟ ಮಗುವಿನ ತಲೆಯ ಮೇಲೆ ಕೈಯಿಟ್ಟು, ನೀನು ಮಾಡಬಲ್ಲೆ ಎಂಬ ಭರವಸೆಯನ್ನು ಕೊಡುವುದಕ್ಕೆ ಪದವಿ ಬೇಡ, ಧನವೂ ಬೇಡ. ಆ ಕೈಯ ಬಿಸುಪು ಮಗುವಿನೊಡನೆ ಬಹು ದೂರ ಹೋಗುವುದು. ಬಿಜಾಪುರದಲ್ಲಿ ಮನೆಯನ್ನು ಮಾರಿಕೊಂಡವರ ಎದೆಯನ್ನು ಅದು ಬೆಚ್ಚಗಿಟ್ಟಿತ್ತೆಂದೇ ನಮ್ಮ ನಂಬುಗೆ. ಈ ಉತ್ಸವದಿಂದ ಮರಳುವ ಪ್ರತಿಯೊಂದು ಮಗುವಿಗೂ ಅಂಥ ಒಂದು ಕೈಯ ಆಸರೆ ದೊರೆಯಲಿ.